ಹೊಸ ಪಿಕಪ್ ಕೊಳ್ಳುವ ಮುನ್ನ ರೀಕಾಲ್ ಪತ್ರ ಓದುವ ಬಗೆ

ಅಮೆರಿಕದಲ್ಲಿ ಪಿಕಪ್ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಈ ಕಂಪನಿಯದ್ದು ರೀಕಾಲ್ ಜಾಸ್ತಿ ಅಂತೆ, ಬೇಡ ಅಲ್ವಾ?" ರೀಕಾಲ್ ಎಂದರೆ ಮಾರಿದ ಗಾಡಿಯಲ್ಲಿ ದೋಷ ಕಂಡಾಗ ಕಂಪನಿಯೇ ಅದನ್ನು ವಾಪಸ್ ಕರೆದು ಸರಿ ಮಾಡಿಕೊಡುವುದು. ಗಾಡಿ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಎಷ್ಟು ರೀಕಾಲ್ ಆಗಿದೆ ಎಂದು ಎಣಿಸುವ ಮೊದಲು, ಯಾವ ಭಾಗ ಕೆಟ್ಟಿದೆ, ಯಾಕೆ ಕೆಟ್ಟಿದೆ, ಅದಕ್ಕೆ ಏನು ಮಾಡಿಕೊಡುತ್ತಾರೆ ಎಂದು ನೋಡಬೇಕು.

2024ರ ಆರಂಭದಲ್ಲಿ ಟೆಸ್ಲಾ ಸುಮಾರು 22 ಲಕ್ಷ ವಾಹನಗಳನ್ನು ರೀಕಾಲ್ ಮಾಡಿತು. ಅದರ ಪಿಕಪ್ ಸೈಬರ್‌ಟ್ರಕ್ ಕೂಡ ಅದರಲ್ಲಿತ್ತು. ಕಾರಣ ಏನು ಗೊತ್ತಾ? ಪರದೆ ಮೇಲಿನ ಕೆಲವು ಎಚ್ಚರಿಕೆಗಳ ಅಕ್ಷರ ತುಂಬಾ ಚಿಕ್ಕದಾಗಿತ್ತು. ಮನೆ ಮುಂದೆ ನಿಂತಿದ್ದ ಗಾಡಿಗೇ ಸಾಫ್ಟ್‌ವೇರ್ ಬಂತು, ಕೆಲಸ ಮುಗಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬರೀ 3,878 ಸೈಬರ್‌ಟ್ರಕ್‌ಗಳ ರೀಕಾಲ್ ಆಯಿತು. ಆಕ್ಸಿಲರೇಟರ್ ಪೆಡಲ್ ಮೇಲಿನ ಪ್ಯಾಡ್ ಸುಲಭವಾಗಿ ಕೂರಲಿ ಎಂದು ಜೋಡಿಸುವಾಗ ಸೋಪು ಬಳಸಿದ್ದರು. ಅದಕ್ಕೆ ಕಂಪನಿಯ ಒಪ್ಪಿಗೆಯೇ ಇರಲಿಲ್ಲ. ಪ್ಯಾಡ್ ಜಾರಿ ಮೇಲಿನ ಟ್ರಿಮ್‌ಗೆ ಸಿಕ್ಕಿಕೊಂಡರೆ ಕಾಲು ತೆಗೆದರೂ ಪೆಡಲ್ ಮೇಲೆ ಬರುವುದಿಲ್ಲ. ಪಟ್ಟಿಯಲ್ಲಿ ಎರಡೂ ಒಂದೊಂದೇ ರೀಕಾಲ್. ನನಗೆ ಹೆದರಿಕೆ ಹುಟ್ಟಿಸಿದ್ದು ಎರಡನೆಯದು.

ಎಂಜಿನ್ ವಿಷಯಕ್ಕೆ ಬಂದರೆ ಇನ್ನೂ ಹುಷಾರಾಗಿ ಓದಬೇಕು. ಟೊಯೊಟಾ 2022ರ ಟಂಡ್ರಾ ಪಿಕಪ್‌ನಲ್ಲಿ ಹಳೆಯ ವಿ8 (ಎಂಟು ಸಿಲಿಂಡರ್) ಎಂಜಿನ್ ಬಿಟ್ಟು 3.4 ಲೀಟರ್ ಟ್ವಿನ್ ಟರ್ಬೊ ವಿ6 ಹಾಕಿತು. 2024ರ ಮೇ ತಿಂಗಳಲ್ಲಿ 2022 ಮತ್ತು 2023ರ ಟಂಡ್ರಾ, ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1 ಲಕ್ಷ ಗಾಡಿಗಳ ರೀಕಾಲ್ ಆಯಿತು. ಕಾರ್ಖಾನೆಯಲ್ಲಿ ಲೋಹ ಕೊರೆಯುವಾಗ ಉಳಿದ ಚೂರುಗಳು ಎಂಜಿನ್ ಒಳಗೇ ಇದ್ದವು. ಅವು ಎಂಜಿನ್‌ನ ಮುಖ್ಯ ದಂಡ ತಿರುಗಲು ಆಧಾರವಾದ ಮೇನ್ ಬೇರಿಂಗ್ ಮೇಲೆ ಸಿಕ್ಕಿಕೊಂಡರೆ ಬೇರಿಂಗ್ ಹಾಳಾಗುತ್ತದೆ, ಎಂಜಿನ್ ಬಡಿಯುತ್ತದೆ, ಹೈವೇಯಲ್ಲೇ ನಿಂತರೂ ನಿಲ್ಲಬಹುದು. ಚೂರು ಒಮ್ಮೆ ಬೇರಿಂಗ್ ತನಕ ಹೋದಮೇಲೆ ತೊಳೆದು ತೆಗೆಯುವ ಮಾತೇ ಇಲ್ಲ. ಕೊನೆಗೆ ಟೊಯೊಟಾ ಎಂಜಿನ್ನನ್ನೇ ಬದಲಾಯಿಸಿಕೊಡುವ ತೀರ್ಮಾನಕ್ಕೆ ಬಂತು. ಖರ್ಚು ಭಾರಿ, ಆದರೆ ಇದು ನೇರವಾದ ಪರಿಹಾರ.

2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ಸರದಿ. 6.2 ಲೀಟರ್ ವಿ8 ಇರುವ 2021ರಿಂದ 2024ರವರೆಗಿನ ಸಿಲ್ವರಾಡೊ, ಸಿಯೆರಾ ಪಿಕಪ್‌ಗಳು, ಜೊತೆಗೆ ಅದೇ ಎಂಜಿನ್ ಇರುವ ದೊಡ್ಡ ಎಸ್‌ಯುವಿಗಳು. ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳು. ಕ್ರ್ಯಾಂಕ್‌ಶಾಫ್ಟ್ (ಎಂಜಿನ್‌ನ ಆ ಮುಖ್ಯ ದಂಡ) ಮತ್ತು ಅದನ್ನು ಪಿಸ್ಟನ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತಯಾರಿಕೆಯಲ್ಲಿ ದೋಷ. ಇಲ್ಲಿ ಪರಿಹಾರ ಎರಡು ಥರ. ತಪಾಸಣೆಯಲ್ಲಿ ಫೇಲಾದ ಎಂಜಿನ್‌ಗೆ ರಿಪೇರಿ ಇಲ್ಲವೇ ಬದಲಿ. ಪಾಸಾದದ್ದಕ್ಕೆ 0ಡಬ್ಲ್ಯು-20 ತೆಳು ಆಯಿಲ್ ಬದಲು 0ಡಬ್ಲ್ಯು-40, ಹೊಸ ಫಿಲ್ಟರ್, ಹೊಸ ಆಯಿಲ್ ಮುಚ್ಚಳ. ದಪ್ಪ ಆಯಿಲ್‌ನ ಪದರ ಲೋಹಕ್ಕೆ ಲೋಹ ತಾಗದಂತೆ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಸರಿಯಾಗಿ ತಯಾರಾಗದ ಭಾಗವನ್ನು ಆಯಿಲ್ ಸರಿ ಮಾಡುವುದಿಲ್ಲ. ಕಂಪನಿ 10 ವರ್ಷ ಅಥವಾ 1,50,000 ಮೈಲಿಗೆ ವಿಶೇಷ ಕವರೇಜ್ ಕೊಟ್ಟಿರುವುದು ಸಮಾಧಾನ. ಈ ಎಂಜಿನ್ ಇರುವ ಹಳೆ ಗಾಡಿ ಕೊಳ್ಳುವುದಾದರೆ ಎಂಜಿನ್ ಬದಲಾಗಿದೆಯೋ, ಬರೀ ಆಯಿಲ್ ಬದಲಾಗಿದೆಯೋ ಎಂದು ಕಾಗದ ತೋರಿಸಿ ಎಂದು ಕೇಳಿ.

ಇನ್ನೊಂದು ಗೊಂದಲ ಇದೆ. ರೀಕಾಲ್ ಆಗುವುದು ಸುರಕ್ಷತೆಗೆ ಧಕ್ಕೆ ತರುವ ದೋಷಕ್ಕೆ, ಇಲ್ಲವೇ ಸರ್ಕಾರದ ಸುರಕ್ಷತಾ ಮಾನದಂಡ ತಪ್ಪಿದರೆ. 1966ರ ಕಾನೂನಿನಿಂದ ಬಂದ ವ್ಯವಸ್ಥೆ ಇದು. ಗೇರ್ ಎಳೆದಾಡುವುದು, ಆಯಿಲ್ ಕುಡಿಯುವುದು, ಏಸಿ ಕೈಕೊಡುವುದು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ಅಂಥವಕ್ಕೆ ಕಂಪನಿ ಡೀಲರ್‌ಗಳಿಗೆ ಸರ್ವಿಸ್ ಬುಲೆಟಿನ್ (ರಿಪೇರಿ ಹೇಗೆಂಬ ಸೂಚನೆ) ಕಳಿಸುತ್ತದೆ. ವಾರಂಟಿ ಇದ್ದರೆ ಉಚಿತ, ಇಲ್ಲದಿದ್ದರೆ ನಿಮ್ಮ ಜೇಬು. ಹಾಗಾಗಿ ಒಂದೂ ರೀಕಾಲ್ ಇಲ್ಲದ ಗಾಡಿಯೂ ಪದೇ ಪದೇ ಗ್ಯಾರೇಜ್‌ಗೆ ಬರಬಹುದು. ಜೊತೆಗೆ ಹೊಸ ಮಾಡೆಲ್‌ಗೆ ರೀಕಾಲ್ ಇಲ್ಲ ಎಂದರೆ ಅದಕ್ಕಿನ್ನೂ ವಯಸ್ಸಾಗಿಲ್ಲ ಎಂದಷ್ಟೇ ಅರ್ಥ ಇರಬಹುದು. ಫೋರ್ಡ್ ತನ್ನ 2014ರ ಎಫ್-150 ಪಿಕಪ್‌ಗಳಲ್ಲಿ ಸುಮಾರು ಐದೂವರೆ ಲಕ್ಷವನ್ನು ರೀಕಾಲ್ ಮಾಡಿದ್ದು 2024ರಲ್ಲಿ. ಓಡುತ್ತಿರುವಾಗಲೇ ಗೇರ್ ಏಕಾಏಕಿ ಫಸ್ಟ್‌ಗೆ ಇಳಿಯಬಹುದಿತ್ತು!

ನನ್ನ ಸಲಹೆ ಕೇಳಿದರೆ, ಹೊಸ ಎಂಜಿನ್ ಬಂದ ಮೊದಲ ವರ್ಷದ ಗಾಡಿ ಬೇಡ. ಒಂದೆರಡು ವರ್ಷ ಕಾಯಿರಿ. ಅವಸರ ಇದ್ದರೆ ಬೇರೆ ಮಾತು.

ಗಾಡಿಯ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ವಿಐಎನ್, ಇಟ್ಟುಕೊಂಡು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಬಾಕಿ ರೀಕಾಲ್ ನೋಡಬಹುದು. (ವಿಐಎನ್‌ನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ. ಓ ಅಂತ ಕಂಡರೆ ಅದು ಸೊನ್ನೆ.) ಬಾಕಿ ರೀಕಾಲ್ ಇರುವ ಹೊಸ ಗಾಡಿಯನ್ನು ಡೀಲರ್ ಮಾರುವಂತಿಲ್ಲ. ಹಳೆ ಗಾಡಿಗೆ ಅಂಥ ಕೇಂದ್ರ ಕಾನೂನು ಇಲ್ಲ, ಆದ್ದರಿಂದ ನೀವೇ ನೋಡಬೇಕು. ರಿಪೇರಿ ಉಚಿತವಾಗಿ ಸಿಗಬೇಕಾದದ್ದು 15 ವರ್ಷದೊಳಗಿನ ಗಾಡಿಗಳಿಗೆ.

ರೀಕಾಲ್ ಬಗ್ಗೆ ಕಂಪನಿ ಮಾಲೀಕರಿಗೆ ಕಳಿಸುವ ಪತ್ರ ಎರಡು ಸಲ ಬರಬಹುದು. ಬಿಡಿಭಾಗ ಇನ್ನೂ ತಯಾರಿಲ್ಲದಿದ್ದರೆ ಮೊದಲ ಪತ್ರದಲ್ಲಿ ಬರೀ ಸುದ್ದಿ ಇರುತ್ತದೆ, ಸರ್ವಿಸ್‌ಗೆ ದಿನ ಗೊತ್ತು ಮಾಡುವುದು ಎರಡನೆಯದು ಬಂದಮೇಲೆ. ಆದರೆ ಮೊದಲ ಪತ್ರವನ್ನೂ ಪೂರ್ತಿ ಓದಿ. 2018ರಲ್ಲಿ ಟಕಾಟ ಕಂಪನಿಯ ದೋಷವಿದ್ದ ಏರ್‌ಬ್ಯಾಗ್ ಇದ್ದ 2006ರ ಕೆಲವು ಫೋರ್ಡ್ ರೇಂಜರ್ ಪಿಕಪ್‌ಗಳ ಮಾಲೀಕರಿಗೆ, ಗಾಡಿ ಓಡಿಸಲೇಬೇಡಿ ಎಂದು ಕಂಪನಿ ಹೇಳಿತ್ತು. ಅಂಥ ಸಾಲು ಕಂಡರೆ ಶೋರೂಮ್‌ವರೆಗೂ ನೀವೇ ಓಡಿಸಿಕೊಂಡು ಹೋಗಬೇಡಿ. ಡೀಲರ್‌ಗೆ ಫೋನ್ ಮಾಡಿ, ಗಾಡಿ ಎಳೆದುಕೊಂಡು ಹೋಗಲು ಹೇಳಿ.