ತಲೆ ಕೆಳಗಿದೆಯಾ? ಕೊನೆಯ ತಿಂಗಳುಗಳಲ್ಲಿ ಮಗುವಿನ ಭಂಗಿ: ಕನ್ನಡದಲ್ಲಿ ಓದಿ ನರ್ಸಿಂಗ್‌ಗೆ ಬಂದವರಿಗೆ ಒಂದು ಟಿಪ್ಪಣಿ

ಕಾಸರಗೋಡಿನ ಒಂದು ಗರ್ಭಿಣಿಯರ ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ಮೊದಲು ಹೇಳುತ್ತೇನೆ. ಪೆರ್ಲ ಕಡೆಯಿಂದ ಬಂದ ಒಬ್ಬ ಅಕ್ಕ ಸ್ಕ್ಯಾನ್ ರಿಪೋರ್ಟ್ ಹಿಡಿದು ನಿಂತಿದ್ದರು. ರಿಪೋರ್ಟ್ ನೋಡಿದ ಮಲಯಾಳಿ ಸಿಸ್ಟರ್ "ತಲ ತಿರಿಞ್ಞಿಟ್ಟಿಲ್ಲ" ಅಂದರು. ಅಕ್ಕ ಕೂಡಲೇ, "ಇಲ್ಲ ಸಿಸ್ಟರ್, ತಲೆ ತಿರುಗುವುದೇನೂ ಇಲ್ಲ, ಸ್ವಲ್ಪ ಸೊಂಟ ನೋವು ಮಾತ್ರ" ಅಂದರು. ಸಿಸ್ಟರ್ ಹೇಳಿದ್ದು ಮಗುವಿನ ತಲೆ ಇನ್ನೂ ಕೆಳಗೆ ತಿರುಗಿಲ್ಲ ಅಂತ. ಇವರಿಗೆ ಕೇಳಿಸಿದ್ದು ತಲೆಸುತ್ತಿನ ವಿಷಯ. ಆಮೇಲೆ ಹೊರಗಿನ ಬೆಂಚಿನಲ್ಲಿ ಯಾರೋ ರಿಪೋರ್ಟ್ ಓದಿ, "ಅಯ್ಯೋ, ಮಗು ಉಲ್ಟಾ ಉಂಟು, ಆಪರೇಶನ್ನೇ" ಅಂದುಬಿಟ್ಟರು. ನಾನು ಹತ್ತಿರ ಹೋಗುವ ಹೊತ್ತಿಗೆ ಅವರು ಅಳುತ್ತಿದ್ದರು. ಕಾರ್ಡ್ ತೆಗೆದು ನೋಡಿದೆ. ಅವರಿಗೆ ಆಗ 30 ವಾರ.

30 ವಾರಕ್ಕೆ ಮಗು ತಲೆ ಮೇಲೆ ಇಟ್ಟುಕೊಂಡಿದ್ದರೆ ಅದು ರೋಗವಲ್ಲ, ದೋಷವೂ ಅಲ್ಲ. ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ: ಎಷ್ಟು ವಾರ ಅಂತ ನೋಡದೆ ಮಗುವಿನ ಭಂಗಿಯ ಬಗ್ಗೆ ಒಂದು ಮಾತೂ ಆಡಬಾರದು. 28 ವಾರದಲ್ಲಿ 100 ಮಕ್ಕಳಲ್ಲಿ ಸುಮಾರು 20ರಿಂದ 25 ಮಕ್ಕಳು ಕುಂಡೆ ಕೆಳಗಾಗಿಯೇ ಇರುತ್ತವೆ. ದಿನ ತುಂಬುವಾಗ ಹಾಗೆ ಉಳಿಯುವುದು 3 ಅಥವಾ 4 ಮಾತ್ರ. ಉಳಿದವು ತಾವಾಗಿಯೇ ತಿರುಗುತ್ತವೆ. ಆಗ ಗರ್ಭದಲ್ಲಿ ನೀರು ಬೇಕಾದಷ್ಟು ಇರುತ್ತದೆ, ಮಗು ಸಣ್ಣದು, ಜಾಗ ಜಾಸ್ತಿ. 36 ವಾರ ದಾಟಿದ ಮೇಲೆ ಜಾಗ ಇಕ್ಕಟ್ಟು. ಆಮೇಲೆ ತಾನಾಗಿ ತಿರುಗುವುದು ಕಡಿಮೆ, ಅದರಲ್ಲೂ ಚೊಚ್ಚಲ ಬಸುರಿಯಲ್ಲಿ.

ಪದಗಳ ಗೊಂದಲ

ಪರೀಕ್ಷೆಯಲ್ಲಿ ನಾವು ಅಂಕ ಕಳೆದುಕೊಳ್ಳುವುದು ಇಲ್ಲಿ. ‘ಭಂಗಿ’ ಅಂತ ನಾವು ಒಂದೇ ಪದದಲ್ಲಿ ಹೇಳುವುದರೊಳಗೆ ಬೇರೆ ಬೇರೆ ಪ್ರಶ್ನೆಗಳಿವೆ. ಲೈ ಅಂದರೆ ಮಗುವಿನ ಬೆನ್ನುಮೂಳೆ ಅಮ್ಮನ ಬೆನ್ನುಮೂಳೆಗೆ ನೇರಕ್ಕಿದೆಯೋ, ಅಡ್ಡವೋ, ಓರೆಯೋ ಅನ್ನುವುದು. ಪ್ರೆಸೆಂಟೇಶನ್ ಅಂದರೆ ಕೆಳಗೆ, ಬಾಗಿಲ ಹತ್ತಿರ, ಯಾವ ಭಾಗ ಇದೆ ಅನ್ನುವುದು: ತಲೆಯಾದರೆ ಸೆಫಾಲಿಕ್, ಕುಂಡೆಯಾದರೆ ಬ್ರೀಚ್. ಪೊಸಿಷನ್ ಅಂದರೆ ಆ ಭಾಗದ ಗುರುತಿನ ಜಾಗ (ತಲೆಯಾದರೆ ಹಿಂದಲೆ) ಅಮ್ಮನ ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಇದೆ ಅನ್ನುವುದು. ಆಟಿಟ್ಯೂಡ್ ಅಂದರೆ ಮಗು ಗದ್ದ ಎದೆಗೊತ್ತಿ ಮುದುಡಿದೆಯೋ, ತಲೆ ಎತ್ತಿದೆಯೋ ಅನ್ನುವುದು. ಬ್ರೀಚ್ ಆಗಿದ್ದರೂ ಲೈ ನೇರವಾಗಿಯೇ ಇರುತ್ತದೆ, ಅಲ್ವಾ? ಆದ್ದರಿಂದ ‘ಅಡ್ಡ’ ಮತ್ತು ‘ಉಲ್ಟಾ’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಬೇಡಿ. ಅಡ್ಡ ಮಲಗಿದ ಮಗುವಿನ ಅಪಾಯವೇ ಬೇರೆ, ಅದನ್ನು ಕೊನೆಗೆ ಬರೆದಿದ್ದೇನೆ.

ಬ್ರೀಚ್‌ನಲ್ಲಿ ಮೂರು ಬಗೆ. ಕಾಲು ನೆಟ್ಟಗೆ ಮುಖದ ಕಡೆ ಮಡಚಿಕೊಂಡದ್ದು ಫ್ರಾಂಕ್, ದಿನ ತುಂಬಿದ ಬ್ರೀಚ್‌ಗಳಲ್ಲಿ ಇದೇ ಜಾಸ್ತಿ. ಚಕ್ಕಳಮಕ್ಕಳ ಕೂತ ಹಾಗಿದ್ದರೆ ಕಂಪ್ಲೀಟ್. ಪಾದ ಮೊದಲು ಇಳಿದರೆ ಫುಟ್ಲಿಂಗ್.

ಕೈಯಲ್ಲಿ ಕಲಿಯುವುದು

ಹೊಟ್ಟೆ ಮುಟ್ಟಿ ಮಗುವಿನ ಭಂಗಿ ತಿಳಿಯುವ, ಲಿಯೋಪೋಲ್ಡ್ ಎಂಬ ಜರ್ಮನ್ ವೈದ್ಯರ ಹೆಸರಿನ ನಾಲ್ಕು ಹಂತಗಳು ನಿಮಗೆ ಬಾಯಿಪಾಠ ಇರಬಹುದು. ಕೆಲವು ಪುಸ್ತಕಗಳಲ್ಲಿ ಮೂರನೆಯದು, ನಾಲ್ಕನೆಯದು ಅದಲುಬದಲಾಗಿವೆ, ಗಾಬರಿಯಾಗಬೇಡಿ. ಮುಟ್ಟುವ ಮೊದಲು ಅಮ್ಮನಿಗೆ ಮೂತ್ರ ಮಾಡಿ ಬರಲು ಹೇಳಿ. ಮೊಣಕಾಲು ಸ್ವಲ್ಪ ಮಡಚಲಿ. ನಿಮ್ಮ ಕೈ ಉಜ್ಜಿ ಬಿಸಿ ಮಾಡಿಕೊಳ್ಳಿ, ತಣ್ಣಗಿನ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ. ಬೆರಳ ತುದಿಯಿಂದ ಚುಚ್ಚಬೇಡಿ, ಇಡೀ ಅಂಗೈ ಇಡಿ.

ಮೊದಲು ಗರ್ಭಕೋಶದ ಮೇಲ್ತುದಿ. ಅಲ್ಲಿ ಸಿಗುವುದು ತಲೆಯೋ ಕುಂಡೆಯೋ? ತಲೆ ಗುಂಡಗೆ, ಗಟ್ಟಿ. ಎರಡು ಕೈ ನಡುವೆ ಮೆಲ್ಲಗೆ ತಳ್ಳಿದರೆ ಅದೊಂದೇ ಆಚೆ ಹೋಗಿ ಈಚೆ ಬರುತ್ತದೆ, ಬಕೆಟ್ ನೀರಲ್ಲಿ ತೇಲುವ ಸಣ್ಣ ತೆಂಗಿನಕಾಯಿಯನ್ನು ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ. ಕುತ್ತಿಗೆ ಇದೆಯಲ್ಲ, ಅದಕ್ಕೇ. ಕುಂಡೆ ಅಗಲ, ಮೆತ್ತಗೆ. ತಳ್ಳಿದರೆ ಬೆನ್ನೂ ಜೊತೆಗೇ ಅಲುಗುತ್ತದೆ. ಆಮೇಲೆ ಎರಡು ಪಕ್ಕ: ಒಂದು ಕಡೆ ಹಲಗೆಯ ಹಾಗೆ ಉದ್ದಕ್ಕೆ ಬೆನ್ನು, ಇನ್ನೊಂದು ಕಡೆ ಗಂಟುಗಂಟಾಗಿ ಕೈಕಾಲು. ಕೊನೆಗೆ ಕೆಳಗಿನ ಭಾಗ, ಮತ್ತು ಅದು ಎಷ್ಟು ಇಳಿದಿದೆ ಅಂತ. ತಲೆಯನ್ನು ಐದು ಪಾಲು ಅಂತ ಇಟ್ಟುಕೊಂಡು, ಹೊಟ್ಟೆಯ ಮೇಲಿಂದ ಎರಡು ಪಾಲು ಅಥವಾ ಅದಕ್ಕಿಂತ ಕಡಿಮೆ ಸಿಕ್ಕರೆ ತಲೆ ಕೂತಿದೆ ಅಂತ ಬರೆಯುತ್ತೇವೆ. ಎರಡನೆಯ, ಮೂರನೆಯ ಬಸುರಿಯಲ್ಲಿ ನೋವು ಶುರುವಾಗುವ ತನಕ ತಲೆ ಕೂರದೆ ಇರಬಹುದು. ಅದಕ್ಕೆ ಹೆದರಿಸಬೇಡಿ.

ಕೈಗೆ ಸಿಕ್ಕಿದ್ದು ಸರಿಯೇ ಅಂತ ನೋಡಲು ಇನ್ನೆರಡು ದಾರಿ ಉಂಟು. ಎದೆಬಡಿತ ಹೊಕ್ಕುಳಿನ ಕೆಳಗೆ ಜೋರಾಗಿ ಕೇಳಿದರೆ ತಲೆ ಕೆಳಗೆ ಇರುವ ಸಾಧ್ಯತೆ ಹೆಚ್ಚು. ಹೊಕ್ಕುಳಿನ ಮಟ್ಟದಲ್ಲಿ ಅಥವಾ ಮೇಲೆ ಕೇಳಿದರೆ ಬ್ರೀಚ್ ಇರಬಹುದು. ಎರಡನೆಯದು ಅಮ್ಮನ ಮಾತು. "ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿ ಒತ್ತುತ್ತದೆ, ಒದೆ ಎಲ್ಲ ಕೆಳಗೆ ಮೂತ್ರದ ಜಾಗಕ್ಕೆ ಬೀಳುತ್ತದೆ" ಅಂದರೆ ಕಿವಿ ಚುರುಕಾಗಲಿ. ನಾನೂ ಒಮ್ಮೆ ಬಿಗಿಯಾದ ಹೊಟ್ಟೆಯಲ್ಲಿ ಕುಂಡೆಯನ್ನೇ ತಲೆ ಅಂತ ಬರೆದಿದ್ದೆ. ಆ ಅಮ್ಮ ಎರಡು ಸಲ ಇದನ್ನೇ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಸ್ಕ್ಯಾನ್ ಆದ ಮೇಲೆ ತಿಳಿಯಿತು. 36 ವಾರದ ಮೇಲೆ ಸಂಶಯವಿದ್ದರೆ ಸುಮ್ನೆ ಊಹಿಸಬೇಡಿ, ಸ್ಕ್ಯಾನ್‌ಗೆ ಕಳಿಸಿ.

ಪೆರ್ಲದ ಆ ಅಕ್ಕ 34 ವಾರಕ್ಕೆ ಮತ್ತೆ ಬಂದಾಗ ತಲೆ ಕೆಳಗಿತ್ತು. ಅವರ ಕೈಯನ್ನೇ ಹಿಡಿದು ಅದರ ಮೇಲೆ ಇಡಿಸಿದೆ.

"ನನ್ನಿಂದ ಹೀಗಾಯ್ತಾ?"

ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಿ. ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರು ತುಂಬಾ ಮಂದಿ. ಅವರಲ್ಲೊಬ್ಬರು, "ಮೊರ ಮಡಿಲಲ್ಲಿಟ್ಟು ಇಡೀ ದಿನ ಬಗ್ಗಿ ಕೂತದ್ದಕ್ಕೆ ಮಗು ಹೀಗೆ ಕೂತಿತಾ?" ಅಂತ ಕೇಳಿದರು. ಇಲ್ಲ. (ಹೊಗೆಸೊಪ್ಪಿನ ಧೂಳು ಬಸುರಿಗೆ ಒಳ್ಳೆಯದಲ್ಲ, ಅದನ್ನು ಬೇರೆಯಾಗಿ ಹೇಳಲೇಬೇಕು. ಆದರೆ ಭಂಗಿಗೂ ಅದಕ್ಕೂ ಸಂಬಂಧವಿಲ್ಲ.) ಅವಳಿ, ನೀರು ಜಾಸ್ತಿ ಅಥವಾ ಕಡಿಮೆ, ಮಾಸು ಕೆಳಗೆ ಕೂತಿರುವುದು, ಗರ್ಭಕೋಶದ ಆಕಾರದಲ್ಲಿ ವ್ಯತ್ಯಾಸ, ಫೈಬ್ರಾಯ್ಡ್ ಗಡ್ಡೆ, ತುಂಬಾ ಹೆರಿಗೆಯಾಗಿ ಹೊಟ್ಟೆ ಸಡಿಲವಾಗಿರುವುದು, ಮಗುವಿನಲ್ಲೇ ಏನಾದರೂ ತೊಂದರೆ: ಕಾರಣ ಇವುಗಳಲ್ಲಿ ಒಂದಿರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಅಂಗಳ ಬಗ್ಗಿ ಗುಡಿಸಿದರೆ ತಲೆ ಇಳಿಯುತ್ತದೆ ಅಂತ ಅಜ್ಜಿಯಂದಿರು ಹೇಳುತ್ತಾರೆ. ಓಡಾಟ ಒಳ್ಳೆಯದೇ. ಕೈ, ಮೊಣಕಾಲು ಊರಿ ನಿಲ್ಲುವುದರಿಂದ ಬೆನ್ನುನೋವು ಕಡಿಮೆಯಾಗುವುದೂ ಉಂಟು. ಮಗು ತಿರುಗುತ್ತದೆ ಅನ್ನಲು ಮಾತ್ರ ಆಧಾರ ಸಾಲದು. ಆದರೆ ಎಣ್ಣೆ ಹಚ್ಚಿ ಹೊಟ್ಟೆ ಒತ್ತಿ ಮನೆಯಲ್ಲೇ ತಿರುಗಿಸಲು ಹೋದರೆ ಅಪಾಯ. ಮಾಸು ಕಳಚಿ ರಕ್ತಸ್ರಾವ ಆಗಬಹುದು. ಇದನ್ನು ಅತ್ತೆಯವರ ಎದುರಿಗೇ, ಗೌರವದಿಂದ, ಆದರೆ ಬಿಡಿಸಿ ಹೇಳಿ.

ಆಸ್ಪತ್ರೆಯಲ್ಲಿ ತಿರುಗಿಸುವುದು

ಅದೇ ಕೆಲಸವನ್ನು ಡಾಕ್ಟರ್ ಮಾಡಿದರೆ ಅದಕ್ಕೆ ಎಕ್ಸ್‌ಟರ್ನಲ್ ಸೆಫಾಲಿಕ್ ವರ್ಷನ್ ಅಂತ ಹೆಸರು. ಚೊಚ್ಚಲಾದರೆ 36 ವಾರದಿಂದ, ಮೊದಲೇ ಹೆತ್ತವರಿಗೆ 37 ವಾರದಿಂದ. ಮೊದಲು ಸ್ಕ್ಯಾನ್, ಮಗುವಿನ ಎದೆಬಡಿತದ ಪರೀಕ್ಷೆ, ಬೇಕಾದರೆ ಗರ್ಭಕೋಶ ಸಡಿಲಾಗುವ ಮದ್ದು. ಅಮ್ಮನ ರಕ್ತ ನೆಗೆಟಿವ್ ಗುಂಪಾದರೆ ಆಂಟಿ-ಡಿ ಇಂಜೆಕ್ಷನ್. ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಗು ತಿರುಗುತ್ತದೆ. ಸುಮಾರು 200ರಲ್ಲಿ ಒಬ್ಬರಿಗೆ ತುರ್ತಾಗಿ ಸಿಸೇರಿಯನ್ ಬೇಕಾಗಬಹುದು. ಆದ್ದರಿಂದಲೇ ಆಪರೇಶನ್ ಥಿಯೇಟರ್ ಹತ್ತಿರ ಇರುವ ಕಡೆ ಮಾತ್ರ ಇದು. ಮಾಸು ಕೆಳಗಿದ್ದರೆ, ನೀರು ಹೋಗಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ ಮಾಡುವುದಿಲ್ಲ.

ಬ್ರೀಚ್ ಅಂದರೆ ಹೆಚ್ಚಿನವರು ಸಿಸೇರಿಯನ್ ಮಾಡುವುದು ಏಕೆ? ಸಾಮಾನ್ಯ ಹೆರಿಗೆಯಲ್ಲಿ ತಲೆ ಗಂಟೆಗಟ್ಟಲೆ ಮೆಲ್ಲಗೆ ಆಕಾರ ಹೊಂದಿಸಿಕೊಂಡು ಇಳಿಯುತ್ತದೆ. ಬ್ರೀಚ್‌ನಲ್ಲಿ ಮೈಯೆಲ್ಲ ಹೊರಗೆ ಬಂದು ಎಲ್ಲಕ್ಕಿಂತ ದೊಡ್ಡದೂ ಗಟ್ಟಿಯೂ ಆದ ತಲೆ ಕೊನೆಗೆ ಉಳಿಯುತ್ತದೆ. ಹೊಕ್ಕುಳಬಳ್ಳಿ ಆಗಲೇ ಒತ್ತಿರುತ್ತದೆ, ಇರುವುದು ಕೆಲವೇ ನಿಮಿಷ. 2000ದಲ್ಲಿ ಪ್ರಕಟವಾದ ಟರ್ಮ್ ಬ್ರೀಚ್ ಟ್ರಯಲ್, 26 ದೇಶಗಳ 2088 ಹೆಂಗಸರ ಅಧ್ಯಯನ, ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಹುಟ್ಟುವ ಮಗುವಿಗೆ ಹೆಚ್ಚು ಸುರಕ್ಷಿತ ಅಂತ ತೋರಿಸಿತು. ಎರಡು ವರ್ಷದ ನಂತರ ಆ ಮಕ್ಕಳನ್ನು ಮತ್ತೆ ನೋಡಿದಾಗ ಎರಡು ಗುಂಪಿನ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅನುಭವಿ ಕೈ ಇದ್ದಲ್ಲಿ ಆಯ್ದ ಕೆಲವರಿಗೆ ಸಹಜ ಹೆರಿಗೆ ಇವತ್ತೂ ಆಗುತ್ತದೆ. ಬ್ರೀಚ್ ಮಗು ಹುಟ್ಟಿದ ಮೇಲೆ ಸೊಂಟದ ಕೀಲು ಜಾರಿದೆಯೇ ಅಂತ ನೋಡಿಸಲು ಮರೆಯಬೇಡಿ.

ಇನ್ನೊಂದು ಭಂಗಿ ಬೆನ್ನಿಗೆ ಬೆನ್ನು, ಅಂದರೆ ಪೋಸ್ಟೀರಿಯರ್: ತಲೆ ಕೆಳಗೇ ಇರುತ್ತದೆ, ಮಗುವಿನ ಬೆನ್ನು ಅಮ್ಮನ ಬೆನ್ನಿನ ಕಡೆ. ಹೊಕ್ಕುಳಿನ ಕೆಳಗೆ ಹೊಟ್ಟೆ ತಗ್ಗಾಗಿ ಕಾಣುತ್ತದೆ, ಸೊಂಟನೋವು ಜಾಸ್ತಿ, ಹೆರಿಗೆ ನಿಧಾನ. ಹೆಚ್ಚಿನವು ನೋವಿನ ಹೊತ್ತಲ್ಲೇ ತಿರುಗುತ್ತವೆ.

ಅಡ್ಡ ಮಲಗಿದ ಮಗು

ದಿನ ತುಂಬುವಾಗ ಸುಮಾರು 300ರಲ್ಲಿ ಒಂದು. ಮುಟ್ಟಿದರೆ ಮೇಲೂ ಕೆಳಗೂ ಖಾಲಿ, ತಲೆ ಪಕ್ಕದಲ್ಲಿ. ಮಾಸು ಎಲ್ಲಿದೆ ಅಂತ ಸ್ಕ್ಯಾನ್‌ನಲ್ಲಿ ನೋಡದೆ ಒಳಪರೀಕ್ಷೆ ಮಾಡಲೇಬಾರದು. ಕೆಳಗಿನ ಬಾಗಿಲನ್ನು ಮುಚ್ಚಲು ತಲೆಯೂ ಇಲ್ಲ, ಕುಂಡೆಯೂ ಇಲ್ಲ. ನೀರು ಒಡೆದರೆ ಅದರ ಜೊತೆ ಹೊಕ್ಕುಳಬಳ್ಳಿ ಜಾರಿ ಬರಬಹುದು. ಆದ್ದರಿಂದ 37 ವಾರದ ಹೊತ್ತಿಗೂ ಅಡ್ಡವೇ ಇದ್ದರೆ ಡಾಕ್ಟರ್ ಅಡ್ಮಿಟ್ ಆಗಲು ಹೇಳುವುದುಂಟು. ಮನೆಯವರಿಗೆ ಇದು ಅತಿ ಅನ್ನಿಸುತ್ತದೆ, ನೋವೇ ಬಂದಿಲ್ಲವಲ್ಲ ಅಂತ. ಪೈವಳಿಕೆಯಿಂದಲೋ ವರ್ಕಾಡಿಯಿಂದಲೋ ಮಳೆಗಾಲದ ರಾತ್ರಿ ಹೊರಟರೆ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಅವರ ಹತ್ತಿರವೇ ಲೆಕ್ಕ ಹಾಕಿಸಿ.

ಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬೇಡಿ, ಆದಷ್ಟು ಮುಟ್ಟಲೂ ಬೇಡಿ. ಅಮ್ಮ ಮೊಣಕಾಲು ಊರಿ, ಎದೆ ಹಾಸಿಗೆಗೆ ತಾಗಿಸಿ, ಸೊಂಟ ಎತ್ತಿ ಇರಲಿ. ಆಂಬುಲೆನ್ಸ್‌ನಲ್ಲಿ ಎಡ ಮಗ್ಗುಲಿಗೆ ಮಲಗಿಸಿ ಸೊಂಟದಡಿ ದಿಂಬು ಕೊಡಿ. ಮನೆಯವರು 108ಕ್ಕೆ ಕರೆ ಮಾಡಲಿ, ನೀವು ಆಸ್ಪತ್ರೆಗೆ ಫೋನ್ ಮಾಡಿ ‘ಕಾರ್ಡ್ ಪ್ರೊಲ್ಯಾಪ್ಸ್’ (ಹೊಕ್ಕುಳಬಳ್ಳಿ ಜಾರಿದೆ) ಅನ್ನುವ ಎರಡು ಪದ ಮೊದಲು ಹೇಳಿ. ಥಿಯೇಟರ್ ಅಷ್ಟರೊಳಗೆ ತಯಾರಾಗುತ್ತದೆ.