ಸಮುದಾಯಕ್ಕೊಂದು ಮೂಲೆ ಬೇಡ

ಮಂಗಳೂರಿನ ಜನಜೀವನದ ಬಗ್ಗೆ ಮ್ಯೂಸಿಯಂನಲ್ಲಿ ಪ್ರದರ್ಶನ ಮಾಡೋಣ ಅಂದ ಕೂಡಲೇ ಹೆಚ್ಚಿನವರು ಒಂದೇ ತರಹದ ನಕ್ಷೆ ತರುತ್ತಾರೆ. ಬಂಟರಿಗೊಂದು ಮೂಲೆ, ಬಿಲ್ಲವರಿಗೊಂದು, ಮೊಗವೀರರಿಗೆ, ಬ್ಯಾರಿ ಮುಸ್ಲಿಮರಿಗೆ, ಕೊಂಕಣಿ ಕ್ರೈಸ್ತರಿಗೆ ಒಂದೊಂದು. ಪ್ರತಿ ಮೂಲೆಯಲ್ಲೂ ಮದುವೆ ಬಟ್ಟೆ ತೊಟ್ಟ ಗೊಂಬೆ. ನೋಡಲು ಚೆಂದ. ಆದರೆ ಇವರೆಲ್ಲ ಒಂದೇ ಬಂದರಿನ ಪೇಟೆಯಲ್ಲಿ ಬದುಕಿದವರು ಅನ್ನುವುದೇ ಕಾಣುವುದಿಲ್ಲ, ಅಲ್ವಾ?

ಕ್ಯುರೇಟರ್ ಆಗಿ ನಾನು ದುಡಿಮೆಯಿಂದ ಶುರು ಮಾಡುತ್ತೇನೆ. ಮಾಡಿಗೆ ಹೊದಿಸುವ ಹಂಚನ್ನೇ ತಗೊಳ್ಳಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕ್ರೈಸ್ತರಾದವರಿಗೆ ಜಾತಿಯ ಜೊತೆ ಕಸುಬೂ ಕೈತಪ್ಪುತ್ತಿತ್ತು. ಅವರಿಗೆ ಕೂಲಿ ಬೇಕಿತ್ತು. ಜೇಡಿಮಣ್ಣು ಹೊಳೆದಂಡೆಯಲ್ಲೇ ಇತ್ತು. ಇಷ್ಟನ್ನು ಲೇಬಲ್‌ನಲ್ಲಿ ಬರೆದು, ಹಂಚಿನ ಪಕ್ಕ ಮಾಡಿಗೆ ಹೊದಿಸುತ್ತಿದ್ದ ಮುಳಿಹುಲ್ಲಿನ ಒಂದು ಕಂತೆ ಇಡಿ. ಯಾರ ಮಾಡಿಗೆ ಹಂಚು ಮೊದಲು ಬಂತು, ಯಾರ ಮನೆ ಎಷ್ಟೋ ಕಾಲ ಹುಲ್ಲಿನದ್ದೇ ಆಗಿತ್ತು ಎಂದು ಹಿರಿಯರೇ ಮಾತು ಶುರು ಮಾಡುತ್ತಾರೆ.

ಆಮೇಲೆ ಬೀಡಿ ಕಟ್ಟುವ ಕೆಲಸ. ತಡ್ಪೆ ಅಂದರೆ ಮೊರ, ಕತ್ತರಿ, ನೂಲು, ಎಲೆ ಕತ್ತರಿಸುವ ಅಳತೆಯ ತಗಡು ಈಗಲೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಸಾಲಿನಲ್ಲಿ ಬ್ಯಾರಿ ಹೆಂಗಸೂ ಬಿಲ್ಲವ ಹೆಂಗಸೂ ಒಟ್ಟಿಗೇ ನಿಲ್ಲುತ್ತಿದ್ದರು. ಇದನ್ನು ಯಾವ ಮೂಲೆಗೆ ಹಾಕುತ್ತೀರಿ?

ಕಷ್ಟ ಇರುವುದು ಇಲ್ಲಿನ ಆದಿವಾಸಿಗಳಾದ ಕೊರಗರ ಡೋಲು ಮತ್ತು ಬುಟ್ಟಿಯಲ್ಲಿ. 'ಜಾನಪದ ಕಲೆ' ಎಂದು ಸುಮ್ನೆ ಬರೆದು ಮುಗಿಸುವವರೇ ಜಾಸ್ತಿ. ಅಜಲು ಎಂಬ ಪದ್ಧತಿಯಲ್ಲಿ ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ತೀರಾ ಹಳೆಯ ಮಾತೇನಲ್ಲ. ಇದನ್ನೂ ಲೇಬಲ್‌ನಲ್ಲಿ ಬರೆಯೋಣ ಅಂದರೆ 'ಇಷ್ಟೊಂದು ಬೇಕಾ, ಮಕ್ಕಳು ಬರುತ್ತಾರೆ' ಎಂಬ ಆಕ್ಷೇಪ ಬರುತ್ತದೆ. ಬೇಕು. ಓದಲು ಬಗ್ಗಬೇಕಾದ ಜಾಗದಲ್ಲಲ್ಲ, ಕಣ್ಣೆದುರಿಗೇ ಬೇಕು.

ಆದರೆ ಆ ಸಾಲುಗಳನ್ನು ನಾವೇ ಕೂತು ಬರೆಯುವುದಲ್ಲ. ಕೊರಗ ಸಮುದಾಯದವರ ಜೊತೆ ಕೂತು ಬರೆಯಬೇಕು, ಅಚ್ಚಿಗೆ ಹೋಗುವ ಮೊದಲು ಅವರಿಗೆ ಓದಿ ಹೇಳಬೇಕು. ಡೋಲು ಗಾಜಿನೊಳಗೆ ಬೇಡ ಅಂದರೆ ಇಡಬಾರದು. ಬುಟ್ಟಿ ತಂದರೆ ಹೆಣೆದವರಿಗೆ ಸರಿಯಾದ ಬೆಲೆ ಕೊಡಿ. ಅವರು ಒಪ್ಪಿದರೆ ಹೆಸರೂ ಹಾಕಿ.