ಲಿಟಲ್ ಮೋರ್ಟನ್ ಹಾಲ್ ಯಾಕೆ ಹೀಗೆ ಸೊಟ್ಟಗಿದೆ?

ಇಂಗ್ಲೆಂಡಿನ ಚೆಷೈರ್‌ನಲ್ಲಿ, ಕಾಂಗಲ್ಟನ್ ಊರಿಗೆ ಹತ್ತಿರ, ಲಿಟಲ್ ಮೋರ್ಟನ್ ಹಾಲ್ ಎಂಬ ಮರದ ಮನೆಯಿದೆ. ಸುತ್ತ ನೀರು ತುಂಬಿದ ಕಂದಕ. ಮನೆಯ ಫೋಟೊ ನೋಡಿದರೆ ಕ್ಯಾಮೆರಾ ಓರೆಯಾಗಿತ್ತೇನೋ ಅನ್ನಿಸುತ್ತದೆ. ಕಿಟಕಿ ಸಾಲು ನೆಟ್ಟಗಿಲ್ಲ, ಮಹಡಿ ಜಗ್ಗಿದೆ, ಗೋಡೆ ವಾಲಿದೆ. ಐನೂರು ವರ್ಷದ ಮನೆ ಅಲ್ವಾ, ಸೊಟ್ಟಗಾಗದೆ ಇನ್ನೇನು ಎನ್ನಬಹುದು. ಆದರೆ ಇದರಲ್ಲಿ ವಯಸ್ಸಿನ ಪಾಲು ಕಡಿಮೆ, ಮೇಲೆ ಹೇರಿದ ಭಾರದ ಪಾಲೇ ಜಾಸ್ತಿ.

ಮೋರ್ಟನ್ ಮನೆತನದವರು 1500ರ ನಂತರದ ಮೊದಲ ಹತ್ತು ವರ್ಷಗಳಲ್ಲಿ ಕಟ್ಟಲು ಶುರು ಮಾಡಿದರು. ಒಂದೇ ನಕ್ಷೆ ಇಟ್ಟುಕೊಂಡು ಕಟ್ಟಿದ್ದಲ್ಲ. ಸುಮಾರು 1610ರವರೆಗೂ ಒಂದೊಂದೇ ಭಾಗ ಸೇರಿಸುತ್ತಾ ಹೋದರು. ಕಲ್ಲಿನ ಅಡಿಪಾಯ, ಅದರ ಮೇಲೆ ಓಕ್ ಮರದ ಚೌಕಟ್ಟು. ಭಾರ ಹೊರುವುದು ಈ ಚೌಕಟ್ಟೇ. ಗೋಡೆ ಬರೀ ಸಂದು ಮುಚ್ಚುವ ಕೆಲಸ ಮಾಡುತ್ತದೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ತಡಿಕೆ ಹೆಣೆದು ಮಣ್ಣು ಮೆತ್ತುತ್ತಿದ್ದರು. ಬಡಗಿಗಳು ಹಸಿ ಓಕ್ ಮರವನ್ನೇ ಬಳಸುತ್ತಿದ್ದರು, ಕೆತ್ತಲು ಅದೇ ಸುಲಭ. ತೊಲೆಯ ತುದಿಯನ್ನು ಕಂಬದ ತೂತಿಗೆ ಕೂರಿಸಿ ಮರದ ಗೂಟ ಹೊಡೆಯುತ್ತಿದ್ದರು. ಮರ ಒಣಗುತ್ತಾ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಹಾಗಾಗಿ ಎಲ್ಲ ಹಳೆಯ ಮರದ ಮನೆಗಳಲ್ಲೂ ಸ್ವಲ್ಪ ಸೊಟ್ಟ ಇದ್ದೇ ಇರುತ್ತದೆ.

ಅಂಗಳಕ್ಕೆ ಚಾಚಿದ ಕಿಟಕಿಗಳ ಮೇಲೊಂದು ಬರಹವಿದೆ. 1559ರಲ್ಲಿ ಇವನ್ನು ಮಾಡಿಸಿದವನು ವಿಲಿಯಂ ಮೋರ್ಟನ್, ದೇವರ ದಯೆಯಿಂದ ಮಾಡಿದವನು ಬಡಗಿ ರಿಚರ್ಡ್ ಡೇಲ್ ಅಂತ. ಯಜಮಾನನ ಹೆಸರಿನ ಪಕ್ಕ ಕೆಲಸಗಾರನ ಹೆಸರೂ ಉಳಿದಿರುವುದು ನನಗಂತೂ ಈ ಮನೆಯಲ್ಲಿ ತುಂಬ ಇಷ್ಟವಾಗುವ ಸಂಗತಿ.

ತೊಂದರೆ ಶುರುವಾಗಿದ್ದು ದಕ್ಷಿಣದ ಭಾಗದಲ್ಲಿ. 1560ರ ದಶಕದಲ್ಲಿ ಎದ್ದ ಈ ಭಾಗದ ನೆತ್ತಿಯ ಮೇಲೆ 68 ಅಡಿ ಉದ್ದದ ಗ್ಯಾಲರಿ, ಅಂದರೆ ಉದ್ದನೆಯ ಹಜಾರ, ಕೂತಿದೆ. ಮೊದಲಿನ ಯೋಜನೆಯಲ್ಲಿ ಅದು ಇದ್ದ ಹಾಗೆ ಕಾಣುವುದಿಲ್ಲ. ಉದ್ದದ ಗ್ಯಾಲರಿ ಆಗಿನ ಸಿರಿವಂತರ ಫ್ಯಾಷನ್. ಮಳೆ ಬಂದಾಗ ಒಳಗೇ ಓಡಾಡಬಹುದು, ಆಟ ಆಡಬಹುದು. ಇಲ್ಲಿನ ಗೋಡೆ ಹಲಗೆಗಳ ಹಿಂದೆ 17ನೇ ಶತಮಾನದ ಟೆನ್ನಿಸ್ ಚೆಂಡುಗಳೇ ಸಿಕ್ಕಿವೆ! ಅಲ್ಲಿಗೆ ನಿಲ್ಲಿಸಿದ್ದರೆ ಸರಿ. ಅದರ ಮೇಲೆ ದಪ್ಪ ಮರಳುಗಲ್ಲಿನ ಚಪ್ಪಡಿ ಹೊದಿಸಿದರು. ಆ ತೂಕ ತಡೆಯಲಾರದೆ ಕೆಳಗಿನ ಮಹಡಿಗಳು ಬಾಗಿದವು. ಗ್ಯಾಲರಿಯ ನೆಲ ಅಲೆಅಲೆಯಾಗಿ ಏರಿಳಿಯುತ್ತದೆ, ಗೋಡೆಗಳು ಒಂದೊಂದು ಒಂದೊಂದು ಕೋನದಲ್ಲಿ ಹೊರಕ್ಕೆ ವಾಲಿವೆ.

ಇದು ಬೇಗನೇ ಗೊತ್ತಾಗಿರಬೇಕು. ಕಮಾನಿನಂಥ ಛಾವಣಿ ತೊಲೆಗಳು ಅಗಲವಾಗಿ ಬಿಚ್ಚಿಕೊಳ್ಳದಿರಲಿ ಎಂದು ನಡುವೆ ಅಡ್ಡತೊಲೆಗಳನ್ನು ಕಟ್ಟಿದ್ದಾರೆ. ಬಹುಶಃ 17ನೇ ಶತಮಾನದ ಕೆಲಸ. ಅಷ್ಟರಲ್ಲಿ ಅಂತರ್ಯುದ್ಧ ಬಂತು. ಮೋರ್ಟನ್‌ಗಳು ರಾಜನ ಪಕ್ಷ, ಹಾಗಾಗಿ ಪಾರ್ಲಿಮೆಂಟಿನ ಕಡೆಯವರು ಮನೆಯನ್ನು ವಶಪಡಿಸಿಕೊಂಡರು. ಸಾಲ ಬೆಳೆಯಿತು, ಮುಂದೆ ಮನೆ ಗೇಣಿ ರೈತರ ಕೈಗೆ ಹೋಯಿತು. 1892ರಲ್ಲಿ ಆಸ್ತಿ ಎಲಿಜಬೆತ್ ಮೋರ್ಟನ್ ಎಂಬ ಕ್ರೈಸ್ತ ಸನ್ಯಾಸಿನಿಗೆ ಬಂತು. ಗ್ಯಾಲರಿ ಕುಸಿಯದಂತೆ ಉಕ್ಕಿನ ಸರಳು ಹಾಕಿಸಿದವರು ಬಹುಶಃ ಅವರೇ. 1912ರಲ್ಲಿ ಸಾಯುವಾಗ ಇದನ್ನು ಎಂದೂ ಮಾರಕೂಡದು ಎಂಬ ಷರತ್ತಿನೊಂದಿಗೆ ಸಂಬಂಧಿಕರೊಬ್ಬರಿಗೆ ಬಿಟ್ಟುಹೋದರು. 1938ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ರಿಪೇರಿ ನಡೆದಿದೆ, ಸೊಟ್ಟ ಮಾತ್ರ ಹಾಗೇ ಇದೆ.

ಇನ್ನೊಂದು ವಿಷಯ. ಈ ಮನೆ ಹೆಸರಾಗಿರುವುದು ಕಪ್ಪು-ಬಿಳುಪು ಬಣ್ಣಕ್ಕೆ. ಆದರೆ ಮೋರ್ಟನ್‌ಗಳ ಕಾಲದಲ್ಲಿ ಓಕ್ ಮರಕ್ಕೆ ಏನೂ ಬಳಿಯುತ್ತಿರಲಿಲ್ಲ. ಬಿಸಿಲು ಮಳೆಗೆ ಅದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು, ನಡುವಿನ ಗೋಡೆಗೆ ಕಾವಿಯಂಥ ಹಳದಿ ಬಣ್ಣ ಇತ್ತು. ಕಪ್ಪು ಬಳಿಯುವ ಚಾಳಿ ಬಂದಿದ್ದು ವಿಕ್ಟೋರಿಯಾ ಕಾಲದಲ್ಲಿ. ಮುಂದೆ ಇಂಗ್ಲೆಂಡಿನ ನಗರಗಳ ಅಂಚಿನ ಬಡಾವಣೆಗಳಲ್ಲಿ ಸಾಲುಸಾಲಾಗಿ ಎದ್ದ ‘ಟ್ಯೂಡರ್’ (16ನೇ ಶತಮಾನದ ರಾಜಮನೆತನದ ಹೆಸರು) ಶೈಲಿಯ ಮನೆಗಳು ನಕಲು ಮಾಡಿದ್ದೂ ಈ ಕಪ್ಪನ್ನೇ. ಅಲ್ಲಿನ ಹೆಚ್ಚಿನ ಮರ ಇಟ್ಟಿಗೆ ಗೋಡೆಯ ಮೇಲೆ ಚಂದಕ್ಕೆ ಹೊಡೆದ ಹಲಗೆ ಅಷ್ಟೇ, ಯಾವ ಭಾರವನ್ನೂ ಹೊರುವುದಿಲ್ಲ.